ಪಿಟ್ಯುಟರಿ ಗಡ್ಡಿಗೆ ಟ್ರೀಟ್ಮೆಂಟ್: ನಮ್ಮ ಕಡೆ ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮ ಚಿಕ್ಕಮ್ಮಗ ಪಿಟ್ಯುಟರಿ ಗಡ್ಡಿ ಆಪರೇಷನ್ ಆದಮ್ಯಾಲೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಪರಿಚಯದವ್ರು, ಪರಿಚಯದವ್ರ ಪರಿಚಯದವ್ರು ಫೋನ್ ಮಾಡಿ ಕೇಳ್ತಾನ ಇರ್ತಾರ, ಎಲ್ಲಾರ ಪ್ರಶ್ನೆನೂ ಹೆಚ್ಚುಕಮ್ಮಿ ಒಂದೇ, ಅದಕ್ಕ ಎಲ್ಲಾ ಒಂದ ಕಡೆ ಬರದೀನಿ. ನಾನು ಡಾಕ್ಟರ್ ಅಲ್ರಿ, ಗುಳಗಿ ಡೋಸ್ ಎಷ್ಟು ಅನ್ನೂದು ನಿಮ್ಮ ಡಾಕ್ಟ್ರೇ ಹೇಳ್ಬೇಕು. ಆದ್ರ ಒಂದು ಮಾತು ಮೊದ್ಲ ಹೇಳಿಬಿಡ್ತೀನಿ: ಹಾರ್ಮೋನ್ ರಿಪೋರ್ಟ್, ಅದ್ರಾಗೂ ಪ್ರೊಲ್ಯಾಕ್ಟಿನ್ (ಎದಿಹಾಲಿನ ಹಾರ್ಮೋನ್) ರಿಪೋರ್ಟ್ ನೋಡದ ಆಪರೇಷನ್ ಡೇಟ್ ಫಿಕ್ಸ್ ಮಾಡ್ಬ್ಯಾಡ್ರಿ. ಯಾಕ ಅಂತ ಕೆಳಗ ಓದ್ತಾ ಹೋದಂಗ ತಿಳೀತೈತಿ.

ಇದು ಬ್ರೇನ್ ಕ್ಯಾನ್ಸರ್ ಏನ್ರಿ?

ಅಲ್ರಿ. ಎಂಆರ್‌ಐ ರಿಪೋರ್ಟಿನ್ಯಾಗ "ಪಿಟ್ಯುಟರಿ ಅಡಿನೋಮಾ" ಅಂತ ಬರದಿದ್ರ ಅದು ಹೆಚ್ಚುಕಮ್ಮಿ ಯಾವಾಗ್ಲೂ ಕ್ಯಾನ್ಸರ್ ಅಲ್ಲದ ಗಡ್ಡಿನೇ, ಮೈತುಂಬ ಹಬ್ಬೂ ಜಾತಿ ನೂರಕ್ಕ ಒಂದಕ್ಕಿಂತ ಕಮ್ಮಿ. ಪಿಟ್ಯುಟರಿ ಅಂದ್ರ ಮೂಗಿನ ಹಿಂದ, ಮಿದುಳಿನ ತಳಕ್ಕ, ಒಂದು ಸಣ್ಣ ಎಲುಬಿನ ಗುಂಡಿಯೊಳಗ ಕುಂತಿರೋ ಬಟಾಣಿಕಾಳಿನಷ್ಟು ಗ್ರಂಥಿ. ಇಷ್ಟು ಸಣ್ಣದು ಥೈರಾಯ್ಡ್, ಅಡ್ರಿನಲ್ (ಮೂತ್ರಪಿಂಡದ ಮ್ಯಾಲಿನ ಗ್ರಂಥಿ), ಮುಟ್ಟು, ವೀರ್ಯ, ಎದಿಹಾಲು, ಬೆಳವಣಿಗಿ, ಮೂತ್ರದ ನೀರು ಎಲ್ಲಾದಕ್ಕೂ ಹುಕುಂ ಕೊಡ್ತೈತಿ, ಅದಕ್ಕ ಇಲ್ಲಿ ಗಡ್ಡಿ ಆದ್ರ ತ್ರಾಸ ತಲ್ಯಾಗಷ್ಟ ಅಲ್ಲ ಮೈತುಂಬ ಕಾಣ್ತೈತಿ. 10 ಮಿಲಿಮೀಟರ್ ಒಳಗಿದ್ರ ಮೈಕ್ರೋ, 10 ಅಥವಾ ಅದಕ್ಕಿಂತ ಹೆಚ್ಚಿದ್ರ ಮ್ಯಾಕ್ರೋ ಅಂತಾರ.

ಗಡ್ಡಿ ಐತಿ ಅಂದಮ್ಯಾಲೆ ತೆಗೀಲೇಬೇಕಲ್ಲ?

ಇಲ್ಲ, ಇದ ದೊಡ್ಡ ತಪ್ಪು ತಿಳುವಳಿಕಿ. ಬ್ಯಾರೆ ಯಾವುದಕ್ಕರ ತಲಿ ಸ್ಕ್ಯಾನ್ ಮಾಡಿಸಿದಾಗ ಹತ್ತು ಮಂದಿಯೊಳಗ ಸುಮಾರು ಒಬ್ರಿಗೆ ಪಿಟ್ಯುಟರಿಯೊಳಗ ಏನಾರ ಸಣ್ಣದು ಕಾಣೂದು ಐತಿ, ಅವ್ರೊಳಗ ಬಹಳಷ್ಟು ಮಂದಿಗೆ ಅದು ಜೀವನಪೂರ್ತಿ ಏನೂ ಮಾಡೂದಿಲ್ಲ. ಹಾರ್ಮೋನ್ ಹೆಚ್ಚಿಗಿ ಬಿಡ್ತಿಲ್ಲ, ಕಣ್ಣಿನ ನರಕ್ಕ ತಾಗಿಲ್ಲ ಅಂದ್ರ ಸುಮ್ನ ನೋಡ್ಕೋತ ಹೋಗೂದ ಟ್ರೀಟ್ಮೆಂಟ್. ಸಣ್ಣದಿದ್ರ ಒಂದು ವರ್ಷಕ್ಕ, ದೊಡ್ಡದಿದ್ರ ಆರು ತಿಂಗಳಿಗೆ ಮತ್ತ ಎಂಆರ್‌ಐ ಮಾಡಿ ಬೆಳದೈತಿ ಇಲ್ಲೋ ನೋಡ್ತಾರ. ತಲಿನೋವು ಬಂತು, ಸ್ಕ್ಯಾನ್ ಮಾಡಿಸಿದ್ವಿ, 4 ಮಿಲಿಮೀಟರ್ ಗಡ್ಡಿ ಸಿಕ್ತು, ತಲಿನೋವಿಗೆ ಇದ ಕಾರಣ ಅಂತ ಆಪರೇಷನ್ನಿಗೆ ಓಡೋರು ಅದಾರ, 4 ಮಿಲಿಮೀಟರಿನ ಗಡ್ಡಿಗೂ ಆ ತಲಿನೋವಿಗೂ ಬಹಳ ಸಲ ಸಂಬಂಧನ ಇರೂದಿಲ್ಲ.

ಮತ್ತ ಯಾವ್ಯಾವ ಟೆಸ್ಟ್ ಮಾಡಿಸ್ಬೇಕು?

ಮೂರು ಕಡೆಯಿಂದ ನೋಡ್ಬೇಕ್ರಿ. ಒಂದು ರಕ್ತ: ಪ್ರೊಲ್ಯಾಕ್ಟಿನ್, ಐಜಿಎಫ್-1 (ಗ್ರೋತ್ ಹಾರ್ಮೋನಿನ ಅಂದಾಜು ತೋರಸೂದು), ಮುಂಜಾನೆ 8 ಗಂಟೆ ಸುಮಾರಿನ ಕಾರ್ಟಿಸಾಲ್ (ಮೈಯಾಗ ತಾನ ಆಗೋ ಸ್ಟೀರಾಯ್ಡ್), ಟಿಎಸ್‌ಎಚ್ ಜತಿಗೆ ಫ್ರೀ ಟಿ4, ಎಲ್‌ಎಚ್, ಎಫ್‌ಎಸ್‌ಎಚ್, ಗಂಡಸರಿಗೆ ಟೆಸ್ಟೋಸ್ಟಿರಾನ್, ಸೋಡಿಯಂ. ಬರೇ ಟಿಎಸ್‌ಎಚ್ ನೋಡಿ ಥೈರಾಯ್ಡ್ ನಾರ್ಮಲ್ ಅನ್ನೂದು ಇಲ್ಲಿ ನಡೆಯೂದಿಲ್ಲ, ಯಾಕಂದ್ರ ಟಿಎಸ್‌ಎಚ್ ಬಿಡೂದ ಪಿಟ್ಯುಟರಿ, ಅದಕ್ಕ ಆರಾಮಿಲ್ಲಂದ್ರ ಆ ನಂಬರ್ ನಂಬಾಕ ಬರೂದಿಲ್ಲ, ಫ್ರೀ ಟಿ4 ಬೇಕ ಬೇಕು.

ಎರಡನೇದು ಪಿಟ್ಯುಟರಿಗಂತ ಮಾಡೂ ಕಾಂಟ್ರಾಸ್ಟ್ ಎಂಆರ್‌ಐ, ಸಾದಾ ತಲಿ ಸಿಟಿ ಸಾಲೂದಿಲ್ಲ. ಮೂರನೇದು ಮಂದಿ ಬಿಟ್ಟುಬಿಡೋದು, ಕಣ್ಣಿನ ಫೀಲ್ಡ್ ಟೆಸ್ಟ್, ಪೆರಿಮೆಟ್ರಿ. ಒಂದು ಬಿಳಿ ಬಟ್ಟಲಿನಂಥ ಮಷಿನ್ ಮುಂದ ಗದ್ದ ಇಟ್ಟು ಕುಂದ್ರಸ್ತಾರ, ನಡುವಿನ ಚುಕ್ಕಿ ನೋಡ್ತಾ ಇರ್ಬೇಕು, ಅಂಚಿನಾಗ ಎಲ್ಲಿ ಬೆಳಕು ಮಿಣಕ್ ಅಂತೈತಿ ಅಲ್ಲಿ ಕೈಯಾಗಿನ ಬಟನ್ ಒತ್ಬೇಕು. ಪಿಟ್ಯುಟರಿ ಮ್ಯಾಲೆನ ಎರಡೂ ಕಣ್ಣಿನ ನರ ಕೂಡ್ತಾವ, ಗಡ್ಡಿ ಮ್ಯಾಲೆ ಬೆಳದ್ರ ಎರಡೂ ಕಡೆ ಹೊರಗಿನ ಅಂಚು ಕಾಣೂದು ಹೋಗ್ತೈತಿ. ಬೋರ್ಡಿನ ಮ್ಯಾಲಿನ ಅಕ್ಷರ ಚಂದಾಗಿ ಓದ್ತಾರ, ಚಾಳೀಸ ಅಂಗಡಿಯವ್ರು ನಂಬರ್ ಸರಿ ಐತಿ ಅಂತಾರ, ಆದ್ರ ಬಾಗಿಲ ಚೌಕಟ್ಟಿಗೆ ಭುಜ ಬಡಿಸ್ಕೋತಾರ, ಬೈಕ್ ಮ್ಯಾಲೆ ಹೊಂಟಾಗ ಬಾಜೂ ಬರೋ ಟ್ರ್ಯಾಕ್ಟರ್ ಕಾಣೂದಿಲ್ಲ. ಇಂಥವ್ರು ಟೆಸ್ಟ್ ಆಗಿ ಡಾಕ್ಟ್ರು ಹೂಂ ಅನ್ನೂತನಕ ಗಾಡಿ ಹೊಡೀಬಾರ್ದು, ಖಡಾಖಂಡಿತ.

ಪ್ರೊಲ್ಯಾಕ್ಟಿನ್ ಹೆಚ್ಚು ಬಂದೈತಿ, ಗಡ್ಡಿನ ಅಂತ ಅರ್ಥನಾ?

ತಡೀರಿ. ಮೊದ್ಲ ಮನ್ಯಾಗಿನ ಗುಳಗಿ ಡಬ್ಬಿ ತೆಗದು ನೋಡ್ರಿ. ನಮ್ಮ ಕಡೆ ಗ್ಯಾಸ್ಟ್ರಿಕ್ ಗುಳಗಿ ಅಂತ ದಿನಾ ಬರೇಹೊಟ್ಟಿಲೆ ನುಂಗ್ತಾರಲ್ಲ, ಅದ್ರಾಗ ಬಹಳಷ್ಟರೊಳಗ ಡೊಂಪೆರಿಡೋನ್ ಇಲ್ಲಾ ಲೆವೋಸಲ್ಪಿರೈಡ್ ಕೂಡಿರ್ತೈತಿ, ಇವೆರಡೂ ಪ್ರೊಲ್ಯಾಕ್ಟಿನ್ ಏರಿಸ್ತಾವ. ಮಾನಸಿಕ ಕಾಯಿಲಿಗೆ ಕೊಡೋ ರಿಸ್ಪೆರಿಡೋನ್ ಸುದ್ದಾ ಏರಿಸ್ತೈತಿ, ಅದನ್ನ ಮಾತ್ರ ನೀವ ನಿಲ್ಲಸಬ್ಯಾಡ್ರಿ, ಆ ಡಾಕ್ಟ್ರನ್ನ ಕೇಳ್ರಿ. ಬಸುರಿ ಇದ್ರ, ಹಾಲು ಕುಡಿಸ್ತಿದ್ರ ಏರೂದು ಸಹಜ. ಥೈರಾಯ್ಡ್ ಬಹಳ ಕಮ್ಮಿ ಇದ್ರೂ ಏರ್ತೈತಿ, ಅಷ್ಟ ಅಲ್ಲ, ಹಳೇ ಥೈರಾಯ್ಡ್ ಕಾಯಿಲಿಯೊಳಗ ಪಿಟ್ಯುಟರಿನ ಉಬ್ಬಿ ಸ್ಕ್ಯಾನಿನ್ಯಾಗ ಥೇಟ್ ಗಡ್ಡಿಯಂಗ ಕಾಣ್ತೈತಿ, ಥೈರಾಕ್ಸಿನ್ ಗುಳಗಿ ಕೊಟ್ರ ತಾನ ಇಳೀತೈತಿ. ಅಂಥವ್ರಿಗೆ ಆಪರೇಷನ್ ಮಾಡಿದ್ರ ಎಂಥಾ ಅನ್ಯಾಯ ನೀವ ಹೇಳ್ರಿ.

ನಂಬರ್ 200 (ng/mL ಲೆಕ್ಕದಾಗ) ದಾಟಿದ್ರ ಪ್ರೊಲ್ಯಾಕ್ಟಿನೋಮಾನ, ಅಂದ್ರ ಪ್ರೊಲ್ಯಾಕ್ಟಿನ್ ಬಿಡೋ ಗಡ್ಡಿನ, ಇರೂ ಚಾನ್ಸ್ ಹೆಚ್ಚು. ಗಡ್ಡಿ ದೊಡ್ಡದೈತಿ, ನಂಬರ್ ಮಾತ್ರ ಅಷ್ಟಕ್ಕಷ್ಟ ಅಂದ್ರ ಎರಡು ಸಾಧ್ಯತೆ: ಬ್ಯಾರೆ ಜಾತಿ ಗಡ್ಡಿ ಪಿಟ್ಯುಟರಿನ ಮಿದುಳಿಗೆ ಕೂಡಸೋ ಕಾಂಡ ಒತ್ತಿ ಸ್ವಲ್ಪ ಏರ್ಸೈತಿ, ಇಲ್ಲಾ ಪ್ರೊಲ್ಯಾಕ್ಟಿನ್ ವಿಪರೀತ ಇದ್ದು ಮಷಿನ್ನಿಗೇ ಗೊಂದಲ ಆಗಿ ಕಮ್ಮಿ ತೋರ್ಸೈತಿ. ಇದಕ್ಕ ಹುಕ್ ಎಫೆಕ್ಟ್ ಅಂತಾರ. ಸ್ಯಾಂಪಲ್ ಡೈಲ್ಯೂಟ್ ಮಾಡಿ ಮತ್ತೊಮ್ಮಿ ನೋಡ್ರಿ ಅಂತ ಲ್ಯಾಬಿಗೆ ಹೇಳಸ್ರಿ, ಈ ಒಂದು ಮಾತಿನಿಂದ ಆಪರೇಷನ್ನ ತಪ್ಪಬಹುದು.

ಬರೇ ಗುಳಗಿಲೆ ಗಡ್ಡಿ ಕರಗ್ತೈತಿ ಅಂದ್ರ ನಂಬಿಕಿ ಬರೂದಿಲ್ಲ...

ಪ್ರೊಲ್ಯಾಕ್ಟಿನೋಮಾ ಆಗಿದ್ರ ನಂಬ್ರಿ. ಹಾರ್ಮೋನ್ ಬಿಡೋ ಗಡ್ಡಿಗಳೊಳಗ ಇದ ಎಲ್ಲಾಕಿಂತ ಹೆಚ್ಚು ಕಾಣೂದು, ಇದಕ್ಕ ಮೊದಲ್ನೇ ಟ್ರೀಟ್ಮೆಂಟ್ ಚಾಕೂ ಅಲ್ಲ, ಕ್ಯಾಬರ್ಗೋಲಿನ್ ಗುಳಗಿ. ವಾರಕ್ಕ ಒಂದು ಇಲ್ಲಾ ಎರಡು ಸಲ ಅಷ್ಟ. ಹತ್ತರಾಗ ಸುಮಾರು ಎಂಟು ಮಂದಿಗೆ ಪ್ರೊಲ್ಯಾಕ್ಟಿನ್ ನಾರ್ಮಲ್ಲಿಗೆ ಬರ್ತೈತಿ, ಗಡ್ಡಿನೂ ಕುಗ್ತೈತಿ, ಕಣ್ಣಿಗೆ ಒತ್ತಿದ್ದು ಸುದ್ದಾ ಎಷ್ಟೋ ಮಂದಿಗೆ ಕೆಲವೇ ದಿನ, ವಾರದೊಳಗ ಬಿಡ್ತೈತಿ. ಹಳೇ ಗುಳಗಿ ಬ್ರೊಮೋಕ್ರಿಪ್ಟಿನ್, ಅದನ್ನ ದಿನಾ ತಗೋಬೇಕು, ವಾಂತಿ ಬಂದಂಗ ಆಗೂದು ಅದ್ರಾಗ ಹೆಚ್ಚು.

ತ್ರಾಸ ಇಲ್ಲಂತಲ್ಲ. ಶುರುವಿಗೆ ತಲಿ ತಿರಗ್ತೈತಿ, ಹೊಟ್ಟಿ ತೊಳಸ್ತೈತಿ, ಅದಕ್ಕ ರಾತ್ರಿ ಉಂಡಮ್ಯಾಲೆ ತಗೊಂಡು ಮಲ್ಕೋ ಅಂತಾರ. ಒಂದು ಮಾತು ಡಾಕ್ಟ್ರೂ ಕೆಲವೊಮ್ಮೆ ಗಡಿಬಿಡಿಯೊಳಗ ಹೇಳೂದಿಲ್ಲ, ನಾ ಹೇಳ್ತೀನಿ: ಈ ಗುಳಗಿ ಕೆಲವ್ರ ಮನಸ್ಸಿನ ಹಿಡಿತ ತಪ್ಪಸ್ತೈತಿ. ಇದ್ದಕ್ಕಿದ್ದಂಗ ಇಸ್ಪೀಟು, ಆನ್‌ಲೈನ್ ಜೂಜು, ಬೇಕಾಬಿಟ್ಟಿ ಖರೀದಿ, ಲೈಂಗಿಕ ಆಸೆ ಮಿತಿಮೀರೂದು ಹಿಂಗೆಲ್ಲಾ. ಮನಿಯವ್ರು ಇದನ್ನ ಚಟ ಅಂತ ಬೈದು ಸುಮ್ನಾಗ್ಬಾರ್ದು, ಡಾಕ್ಟ್ರಿಗೆ ಹೇಳ್ಬೇಕು, ಗುಳಗಿ ಬದಲಿಸಿದ್ರ ಇಲ್ಲಾ ನಿಲ್ಲಿಸಿದ್ರ ಸರಿ ಹೋಗ್ತೈತಿ. ದೊಡ್ಡ ಡೋಸ್ ಬಹಳ ವರ್ಷ ನಡದ್ರ ಹೃದಯದ ವಾಲ್ವ್ ನೋಡಾಕ ಎಕೋ ಮಾಡಸ್ತಾರ.

ಆರಾಮ ಆತಂತ ಮೂರು ತಿಂಗಳಿಗೆ ಬಿಡಬ್ಯಾಡ್ರಿ. ಕಮ್ಮೀತಕಮ್ಮಿ ಎರಡು ವರ್ಷ ತಗೊಂಡು, ಪ್ರೊಲ್ಯಾಕ್ಟಿನ್ ನಾರ್ಮಲ್ ಇದ್ದು, ಗಡ್ಡಿ ಚಲೋ ಕುಗ್ಗಿದ್ರ ಆವಾಗ ಡಾಕ್ಟ್ರು ಇಳಸ್ತಾ ಬಂದು ನಿಲ್ಸಿ ನೋಡ್ತಾರ.

ಮಕ್ಕಳಾಗೂದಿಲ್ಲ ಅಂತಾರ, ಖರೇನಾ?

ಸುಳ್ಳು. ಮುಟ್ಟು ನಿಂತು, ಬಸುರಿ ಅಲ್ಲದ ಎದಿಯಿಂದ ಹಾಲು ಬಂದು, ಮಕ್ಕಳಾಗಿಲ್ಲಂತ ಎಷ್ಟೋ ಹೆಣ್ಮಕ್ಳು ವರ್ಷಾನುಗಟ್ಲೆ ಮಾತು ಕೇಳಿರ್ತಾರ, ದೇವ್ರು ದಿಂಡ್ರು ಎಲ್ಲಾ ಆಗಿರ್ತೈತಿ, ಒಂದು ಪ್ರೊಲ್ಯಾಕ್ಟಿನ್ ಟೆಸ್ಟ್ ಮಾತ್ರ ಆಗಿರೂದಿಲ್ಲ. ಗುಳಗಿ ಶುರು ಆದ್ರ ಮುಟ್ಟು ತಿರುಗಿ ಬರ್ತೈತಿ, ಕೆಲವ್ರಿಗೆ ಮುಟ್ಟು ಬರೂಕಿಂತ ಮೊದ್ಲ ಗರ್ಭ ನಿಂತಿದ್ದೂ ಉಂಟು. ಬಸುರಿ ಅಂತ ಗೊತ್ತಾದಕೂಡ್ಲೆ ಡಾಕ್ಟ್ರಿಗೆ ಹೇಳ್ರಿ, ಸಣ್ಣ ಗಡ್ಡಿ ಇದ್ರ ಸಾಮಾನ್ಯವಾಗಿ ಗುಳಗಿ ನಿಲ್ಲಸ್ತಾರ, ದೊಡ್ಡದಿದ್ರ ವಿಚಾರ ಬ್ಯಾರೆ, ಕಣ್ಣು ಚೆಕ್ ಮಾಡ್ಕೋತ ಇರ್ಬೇಕು.

ಗಂಡಸರ ಕಥಿ ಇನ್ನೂ ಬ್ಯಾಸರ. ಆಸೆ ಕಮ್ಮಿ ಆತು, ಸಂಸಾರ ಆಗವಲ್ದು ಅನ್ನೂದನ್ನ ಯಾರ ಮುಂದೂ ಹೇಳೂದಿಲ್ಲ, ನಾಚಿಕಿ. ಗಡ್ಡಿ ಬೆಳದು ಕಣ್ಣು ಮಂಜಾದಮ್ಯಾಲೆ ಬರ್ತಾರ. ದಯವಿಟ್ಟು ಮುಚ್ಚಿಡಬ್ಯಾಡ್ರಿ, ಇದಕ್ಕ ಔಷಧ ಐತಿ.

ಕೈಕಾಲು, ಮುಖ ದಪ್ಪ ಆಗಾಕತ್ತಾವ, ಇದಕ್ಕೂ ಪಿಟ್ಯುಟರಿಗೂ ಸಂಬಂಧನಾ?

ನಮ್ಮ ಚಿಕ್ಕಮ್ಮಂದು ಇದ. ಲಗ್ನದಾಗ ಹಾಕಿದ ಪಾಟ್ಲಿ ಕೈಯಾಗ ಸಿಕ್ಕೊಂಡು ಕುಂತವು, ಉಂಗುರ ಕತ್ತರಿಸಿ ತೆಗಿಸಿದ್ರು, ಚಪ್ಪಲ್ ಸೈಜ್ ಎರಡು ನಂಬರ್ ಏರಿತ್ತು, ಎಲ್ಲಾರೂ ವಯಸ್ಸಾತು ಮೈ ಬಂತು ಅಂದ್ರು. ಹಲ್ಲಿನ ನಡುವ ಸಂದು ಬಿತ್ತು, ಗೊರಕಿ, ಬೆವರು, ಅಂಗೈ ಜುಮ್ಮು, ಶುಗರ್, ಬಿಪಿ ಎಲ್ಲಾ ಒಂದೊಂದ ಬಂದ್ವು, ಒಂದೊಂದಕ್ಕೂ ಒಂದೊಂದು ಡಾಕ್ಟ್ರು. ಇದಕ್ಕ ಅಕ್ರೋಮೆಗಾಲಿ ಅಂತಾರ, ಗ್ರೋತ್ ಹಾರ್ಮೋನ್ ಹೆಚ್ಚಾಗೂದು. ಹತ್ತು ವರ್ಷದ ಹಿಂದಿನ ಫೋಟೋ ಬಾಜೂ ಇಟ್ಟು ನೋಡಿದ್ರ ಫರಕ್ ಎದ್ದು ಕಾಣ್ತೈತಿ, ಡಾಕ್ಟ್ರ ಹಂತೇಕ ಹೋಗುವಾಗ ಹಳೇ ಫೋಟೋ ಒಯ್ರಿ.

ಇಲ್ಲಿ ಆಪರೇಷನ್ನ ಮೊದ್ಲು. ಗಡ್ಡಿ ಸಣ್ಣದಿದ್ರ ಬಹಳಷ್ಟು ಮಂದಿಗೆ ಹಾರ್ಮೋನ್ ಪೂರ್ತಿ ಹತೋಟಿಗೆ ಬರ್ತೈತಿ, ದೊಡ್ಡದಿದ್ರ ಸುಮಾರು ಅರ್ಧದಷ್ಟು ಮಂದಿಗೆ. ಉಳಿದವ್ರಿಗೆ ತಿಂಗಳಿಗೊಮ್ಮೆ ಆಕ್ಟ್ರಿಯೋಟೈಡ್ ಇಲ್ಲಾ ಲ್ಯಾನ್ರಿಯೋಟೈಡ್ ಇಂಜೆಕ್ಷನ್, ಸ್ವಲ್ಪ ಉಳದಿದ್ರ ಕ್ಯಾಬರ್ಗೋಲಿನ್, ಕೆಲವ್ರಿಗೆ ಪೆಗ್ವಿಸೊಮಂಟ್, ಇಲ್ಲಾ ರೇಡಿಯೇಷನ್. ಇಂಜೆಕ್ಷನ್ ಬಹಳ ತುಟ್ಟಿ, ಅದಕ್ಕ ಮೊದ್ಲನೇ ಆಪರೇಷನ್ನ ಅನುಭವ ಇದ್ದವ್ರ ಕೈಲೆ ಚಂದಾಗಿ ಆಗೂದು ಬಾಳ ಮುಖ್ಯ. ಆಪರೇಷನ್ ಆದಮ್ಯಾಲೆ ಮೆತ್ತನ ಬಾವು ಇಳೀತೈತಿ, ಎಲುಬು ಬೆಳದದ್ದು ತಿರುಗಿ ಸಣ್ಣಾಗೂದಿಲ್ಲ, ಇದನ್ನ ಮೊದ್ಲ ತಿಳ್ಕೊಂಡಿರ್ರಿ.

ಮುಖ ಗುಂಡಗ ಆಗಿ, ಹೊಟ್ಟಿ ಮ್ಯಾಲೆ ಕೆಂಪು ಪಟ್ಟಿ ಬಂದಾವ. ಕುಶಿಂಗ್ಸ್ ಇರಬಹುದಾ?

ಇರಬಹುದು. ಕುಶಿಂಗ್ಸ್ ಅಂದ್ರ ಮೈಯಾಗ ಕಾರ್ಟಿಸಾಲ್ ಹೆಚ್ಚಾಗೂದು. ಆದ್ರ ಮೊದ್ಲ ಮಂಡಿನೋವಿನ ಪುಡಿ, ದಮ್ಮಿನ ಪೊಟ್ಟಣ, ಮುಖ ಬೆಳ್ಳಗ ಮಾಡೂ ಕ್ರೀಮು ಏನಾರ ತಗೋತಿದ್ರ ಬಾಯಿಬಿಟ್ಟು ಹೇಳ್ರಿ. ಹೆಸರಿಲ್ಲದ ಪುಡಿಯೊಳಗ ಸ್ಟೀರಾಯ್ಡ್ ಕೂಡಿಸಿ ಕೊಡೋರು ಅದಾರ, ಥೇಟ್ ಇದ ಥರಾ ಮುಖ ಆಗ್ತೈತಿ, ಅಂಥ ಪುಡಿ ಒಮ್ಮೆಲೆ ಬಿಟ್ರ ಮತ್ತೂ ಅಪಾಯ, ಡಾಕ್ಟ್ರ ಹೇಳ್ದಂಗ ಇಳಿಸಬೇಕು. ಅದೇನೂ ಇಲ್ಲ, ಪಿಟ್ಯುಟರಿನ ಎಸಿಟಿಎಚ್ (ಕಾರ್ಟಿಸಾಲ್ ಮಾಡು ಅಂತ ಅಡ್ರಿನಲ್ಲಿಗೆ ಹೇಳೋ ಹಾರ್ಮೋನ್) ಹೆಚ್ಚು ಬಿಡಾಕತ್ತೈತಿ ಅಂತ ಖಾತ್ರಿ ಆದ್ರ ಆಪರೇಷನ್ ಮೊದಲ್ನೇ ದಾರಿ. ಈ ಗಡ್ಡಿ ಎಷ್ಟೋ ಸಲ ಎಂಆರ್‌ಐಯೊಳಗ ಕಾಣೂದ ಇಲ್ಲ ಅಷ್ಟು ಸಣ್ಣದು, ಆವಾಗ ತೊಡಿ ಸಂದಿನ ರಕ್ತನಾಳದಿಂದ ಸಣ್ಣ ನಳಿಗಿ ತಲಿತನಕ ಒಯ್ದು ರಕ್ತ ತಗದು ನೋಡ್ತಾರ. ಆಪರೇಷನ್ನಿಗೆ ಬಗ್ಗದಿದ್ರ ಕೀಟೋಕೊನಜೋಲ್, ಮೆಟಿರಪೋನ್, ಓಸಿಲೋಡ್ರೋಸ್ಟಾಟ್ ಅಂಥ ಔಷಧ, ರೇಡಿಯೇಷನ್, ಕಡೀಗೆ ಎರಡೂ ಅಡ್ರಿನಲ್ ತೆಗಿಯೂದು.

ಮೂಗಿನ್ಯಾಗಿಂದ ಆಪರೇಷನ್ ಅಂತಾರಲ್ಲ, ತಲಿ ಬುರಡಿ ಒಡಿಯೂದಿಲ್ಲೇನು?

ಬಹಳಷ್ಟು ಸಲ ಇಲ್ಲ. ಮೂಗಿನ ಹೊಳ್ಳಿಯೊಳಗಿಂದ ಎಂಡೋಸ್ಕೋಪ್ ಒಯ್ದು, ಹಿಂದಿನ ಎಲುಬಿನ ಗೋಡಿಗೆ ಸಣ್ಣ ಕಿಂಡಿ ಮಾಡಿ ಗಡ್ಡಿ ತೆಗೀತಾರ, ನ್ಯೂರೋ ಸರ್ಜನ್ನೂ ಇಎನ್‌ಟಿ ಡಾಕ್ಟ್ರೂ ಕೂಡಿ ಮಾಡೂದು. ಮುಖದ ಮ್ಯಾಲೆ ಗಾಯದ ಕಲಿ ಇರೂದಿಲ್ಲ. ಎದ್ದಾಗ ತೊಡಿ ಇಲ್ಲಾ ಹೊಟ್ಟಿ ಮ್ಯಾಲೆ ಸಣ್ಣ ಹೊಲಿಗಿ ಕಂಡ್ರ ಗಾಬರಿ ಆಗಬ್ಯಾಡ್ರಿ, ಕಿಂಡಿ ಮುಚ್ಚಾಕ ಅಲ್ಲಿಂದ ಒಂಚೂರು ಕೊಬ್ಬು ತಗದಿರ್ತಾರ. ಗಡ್ಡಿ ಬಹಳ ದೊಡ್ಡದಾಗಿ ಮಿದುಳಿನ ಬಾಜೂ ಹಬ್ಬಿದ್ರ ಮಾತ್ರ ಬುರಡಿ ತೆಗಿಯೂ ಮಾತು ಬರ್ತೈತಿ.

ಸರ್ಜನ್ನಿಗೆ ಸಂಕೋಚ ಇಲ್ಲದ ಕೇಳ್ರಿ, ವರ್ಷಕ್ಕ ಎಷ್ಟು ಪಿಟ್ಯುಟರಿ ಕೇಸ್ ಮಾಡ್ತೀರಿ ಅಂತ. ಈ ಆಪರೇಷನ್ ಪೂರ್ತಿ ಕೈ ಪಳಗಿದ್ದರ ಮ್ಯಾಲೆ ನಿಂತೈತಿ.

ಆಪರೇಷನ್ ಆಗಿ ಮನಿಗೆ ಬಂದಮ್ಯಾಲೆ ಏನೇನು ನೋಡ್ಕೋಬೇಕು?

ಮೂಗು ಸೀದಬ್ಯಾಡ್ರಿ, ಮುಂದಕ್ಕ ಬಗ್ಗಿ ಕೊಡ ಎತ್ತಬ್ಯಾಡ್ರಿ, ಸೀನು ಬಂದ್ರ ಬಾಯಿ ತಗದು ಸೀನ್ರಿ, ಮಲಬದ್ಧತೆ ಆಗದಂಗ ನೋಡ್ಕೋರಿ. ಮೂಗಿನಿಂದ ತಿಳಿ ನೀರಿನಂಗ ತೊಟ್ಟಿಕ್ಕಾಕತ್ರ, ಗಂಟಲಿಗೆ ಉಪ್ಪುಪ್ಪು ಇಳದಂಗ ಆದ್ರ ಅದು ನೆಗಡಿ ಅಲ್ಲ, ಮಿದುಳಿನ ನೀರು ಸೋರೂದು ಇರಬಹುದು. ಹೊಳ್ಳಿ ದವಾಖಾನಿಗೆ ಹೋಗೂದ, ಅದ ದಿವ್ಸ.

ಇನ್ನ ಮೂತ್ರ. ನಾವು ಮನ್ಯಾಗ ಒಂದು ಲೀಟರ್ ಅಳತಿ ಮಗ್ ಇಟ್ಟು, ಬಾತ್‌ರೂಮ್ ಬಾಗಿಲಿಗೆ ಕ್ಯಾಲೆಂಡರ್ ಹಾಳಿ ಅಂಟಿಸಿ, ಕುಡದದ್ದು ಎಷ್ಟು ಹೋದದ್ದು ಎಷ್ಟು ಬರಕೋತಿದ್ವಿ, ಚಿಕ್ಕಮ್ಮಗ ನಾಚಿಕಿ ಆಗಿ ಮಗಳ ಕೈಲೆ ಅಷ್ಟ ಬರಸ್ತಿದ್ರು. ನೀರಿನಂಥ ಮೂತ್ರ ಗಂಟಿಗೊಮ್ಮೆ, ಎಷ್ಟು ಕುಡದ್ರೂ ಬಾಯಿ ಒಣಗೂದು ಅಂದ್ರ ಡಯಾಬಿಟಿಸ್ ಇನ್ಸಿಪಿಡಸ್, ಇದು ಶುಗರ್ ಅಲ್ಲ, ಡೆಸ್ಮೋಪ್ರೆಸಿನ್ ಕೊಟ್ರ ನಿಲ್ತೈತಿ, ಬಹಳ ಮಂದಿಗೆ ಕೆಲವು ದಿನಕ್ಕ ಹೋಗ್ತೈತಿ. ಇದ್ರ ಉಲ್ಟಾ ಸೋಡಿಯಂ ಇಳಿಯೂದು, ಅದು ಮನಿಗೆ ಬಂದು ಆರಾಮ ಅದೀವಿ ಅನ್ನೂ ಹೊತ್ತಿಗೆ, ಒಂದು ವಾರದ ಆಜೂಬಾಜೂ ಬರೂದು: ತಲಿನೋವು, ವಾಕರಿಕಿ, ಮಂಪರು, ತಪ್ಪು ತಪ್ಪು ಮಾತು. ಆ ಟೈಮಿಗೆ ಸೋಡಿಯಂ ಟೆಸ್ಟ್ ಮಾಡಿಸೂದು ಬಿಡಬ್ಯಾಡ್ರಿ, ಗದಗ, ಹಾವೇರಿಯೊಳಗೂ ಆಗ್ತೈತಿ, ದೂರ ಹೋಗೂದು ಬೇಕಿಲ್ಲ.

ಸ್ಟೀರಾಯ್ಡ್ ಗುಳಗಿ ಕೊಟ್ಟಾರ, ಜೀವನಪೂರ್ತಿ ಅಂತಾರ. ಹೆದರಿಕಿ ಆಗ್ತೈತಿ.

ಹೆದರಬ್ಯಾಡ್ರಿ, ಮೈಯಾಗ ಕಮ್ಮಿ ಆದ ಕಾರ್ಟಿಸಾಲ್ ಅಷ್ಟ ತುಂಬೂದು. ಎಲ್ಲಾರಿಗೂ ಜೀವನಪೂರ್ತಿ ಬೇಕಾಗೂದಿಲ್ಲ, ಟೆಸ್ಟ್ ಮಾಡಿ ಪಿಟ್ಯುಟರಿ ಚೇತರಿಸ್ಕೊಂಡ್ರ ನಿಲ್ಲಸ್ತಾರ. ಬೇಕಾದವ್ರು ಮಾತ್ರ ಒಂದು ದಿವ್ಸನೂ ತಪ್ಪಿಸಬಾರ್ದು. ಶ್ರಾವಣ ಸೋಮವಾರ ಉಪವಾಸ ಅಂತ ಗುಳಗಿನೂ ಬಿಟ್ಟು ಕುಂದರೋರು ಅದಾರ, ಅದು ಜೀವಕ್ಕ ಬರ್ತೈತಿ. ಜ್ವರ ಬಂದ್ರ ಡೋಸ್ ಡಬಲ್ ಮಾಡೂದು, ವಾಂತಿ ಆಗಿ ಗುಳಗಿ ನಿಲ್ಲವಲ್ದು ಅಂದ್ರ ತಡಾ ಮಾಡದ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಈ ಪದ್ಧತಿ ನಿಮ್ಮ ಡಾಕ್ಟ್ರ ಕಡೆಯಿಂದ ಬರಸ್ಕೊಂಡು ಕಿಸೆದಾಗ ಒಂದು ಕಾರ್ಡ್ ಇಟ್ಕೋರಿ. ಹಲ್ಲು ಕೀಳಸೂದಿದ್ರೂ ಆ ಡಾಕ್ಟ್ರಿಗೆ ತೋರಸ್ರಿ. ಥೈರಾಯ್ಡೂ ಕಾರ್ಟಿಸಾಲೂ ಎರಡೂ ಕಮ್ಮಿ ಇದ್ರ ಮೊದ್ಲ ಸ್ಟೀರಾಯ್ಡ್, ಆಮ್ಯಾಲೆ ಥೈರಾಕ್ಸಿನ್, ಉಲ್ಟಾ ಮಾಡಿದ್ರ ಒಮ್ಮೆಲೆ ಬಿಪಿ ಬಿದ್ದು ಕಷ್ಟ ಆಗ್ತೈತಿ.

ಗಾಮಾ ನೈಫ್, ರೇಡಿಯೇಷನ್ ಯಾರಿಗೆ?

ಆಪರೇಷನ್ ಆಗಿಯೂ ಗಡ್ಡಿ ಉಳದಿದ್ರ, ತಿರುಗಿ ಬೆಳದ್ರ, ಔಷಧಕ್ಕ ಬಗ್ಗದಿದ್ರ. ಗಾಮಾ ನೈಫ್ ಹೆಸರಾಗ ಚಾಕೂ ಐತಿ ಅಷ್ಟ, ಕೊಯ್ಯೂದು ಏನಿಲ್ಲ, ಹೆಚ್ಚಾಗಿ ಒಂದ ಸಿಟ್ಟಿಂಗ್, ಬೆಂಗಳೂರಿನ ನಿಮ್ಹಾನ್ಸಿನ್ಯಾಗ ಐತಿ. ಗಡ್ಡಿ ಕಣ್ಣಿನ ನರಕ್ಕ ಅಂಟಿದ್ರ ಅದು ಆಗೂದಿಲ್ಲ, ಆವಾಗ ಐದಾರು ವಾರ ಸ್ವಲ್ಪ ಸ್ವಲ್ಪ ಕೊಡೋ ರೇಡಿಯೇಷನ್. ರೇಡಿಯೇಷನ್ ಮಷಿನ್ ಬಹಳ ಕಡೆ ಕ್ಯಾನ್ಸರ್ ದವಾಖಾನಿಯೊಳಗ ಇರ್ತಾವ, ಅಲ್ಲಿ ಕಳಸಿದ್ರು ಅಂದ್ರ ಕ್ಯಾನ್ಸರ್ ಮುಚ್ಚಿಟ್ಟಾರ ಅಂತಲ್ಲ. ಫಲ ಕಾಣಾಕ ವರ್ಷಗಟ್ಲೆ ಹಿಡೀತೈತಿ, ಮುಂದ ಬ್ಯಾರೆ ಹಾರ್ಮೋನ್ ಕಮ್ಮಿ ಆಗಬಹುದು, ಅದಕ್ಕ ವರ್ಷಾವರ್ಷಾ ಟೆಸ್ಟ್ ಬೇಕ ಬೇಕು.

ಯಾವಾಗ ರಾತ್ರೋರಾತ್ರಿ ಓಡಬೇಕು?

ಸಿಡಿಲು ಬಡದಂಗ ತಲಿನೋವು, ವಾಂತಿ, ಕಣ್ಣು ಒಮ್ಮೆಲೆ ಮಂಜು, ಒಂದು ರೆಪ್ಪಿ ಜೋತು ಬೀಳೂದು, ಎರಡೆರಡು ಕಾಣೂದು. ಗಡ್ಡಿಯೊಳಗ ರಕ್ತ ಸೋರಿದ್ರ ಹಿಂಗ ಆಗ್ತೈತಿ, ಅಪೊಪ್ಲೆಕ್ಸಿ ಅಂತಾರ. ಮೈಗ್ರೇನ್ ಅಂತ ಗುಳಗಿ ನುಂಗಿ ಮಲಗಬ್ಯಾಡ್ರಿ, 108 ಕರೀರಿ, ಪಿಟ್ಯುಟರಿ ಗಡ್ಡಿ ಐತಿ ಅಂತ ಮೊದಲ್ನೇ ಮಾತಿಗೇ ಹೇಳ್ರಿ, ಯಾಕಂದ್ರ ಅಲ್ಲಿ ಮೊದ್ಲ ಬೇಕಾಗೂದು ಸ್ಟೀರಾಯ್ಡ್ ಇಂಜೆಕ್ಷನ್.

ಎಲ್ಲಿ ತೋರಸ್ಬೇಕು? ಖರ್ಚು ಹೆಂಗ?

ಗದಗದಾಗ ಜಿಮ್ಸ್, ಹಾವೇರ್ಯಾಗ ಜಿಲ್ಲಾ ಆಸ್ಪತ್ರಿ, ಹುಬ್ಬಳ್ಳಿ ವಿದ್ಯಾನಗರದಾಗ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡ ಹಾದಿಗೆ ಸತ್ತೂರಿನ್ಯಾಗ ಎಸ್‌ಡಿಎಂ. ಶುರು ನಿಮಗ ಹತ್ತಿರ ಇದ್ದಲ್ಲಿಂದ ಮಾಡ್ರಿ, ಆದ್ರ ಆಪರೇಷನ್ ತೀರ್ಮಾನ ಹಾರ್ಮೋನ್ ಡಾಕ್ಟ್ರು ಅಂದ್ರ ಎಂಡೋಕ್ರೈನಾಲಜಿಸ್ಟ್, ನ್ಯೂರೋ ಸರ್ಜನ್ ಇಬ್ರೂ ನೋಡಿದಮ್ಯಾಲೆ ಆಗ್ಲಿ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದೊಳಗ ಕುಟುಂಬಕ್ಕ ವರ್ಷಕ್ಕ 5 ಲಕ್ಷದತನಕ ಐತಿ, ಎಪಿಎಲ್‌ನವ್ರಿಗೆ ಪ್ಯಾಕೇಜಿನ 30 ಪರ್ಸೆಂಟ್ ಅಷ್ಟ ಸರ್ಕಾರ ಕೊಡ್ತೈತಿ. ಸರ್ಕಾರಿ ದವಾಖಾನಿಯ ರೆಫರಲ್ ಮೊದ್ಲ ತಗೋರಿ, ಅಡ್ಮಿಟ್ ಆದಮ್ಯಾಲೆ ಓಡಾಡಿದ್ರ ಕೆಲಸ ಕೆಡ್ತೈತಿ. ಮನ್ಯಾಗ ತಗೋಳೋ ದಿನದ ಗುಳಗಿ ಖರ್ಚು ಮಾತ್ರ ನಿಮ್ದ, ಕ್ಯಾಬರ್ಗೋಲಿನ್ ಬ್ಯಾರೆ ಬ್ಯಾರೆ ಕಂಪನಿದು ಬ್ಯಾರೆ ಬ್ಯಾರೆ ರೇಟ್ ಇರ್ತೈತಿ, ಕಮ್ಮಿ ರೇಟಿಂದು ನಡೀತೈತೇನ್ರಿ ಅಂತ ಡಾಕ್ಟ್ರನ್ನ ಕೇಳಾಕ ನಾಚಬ್ಯಾಡ್ರಿ.

ನಾಟಿ ಔಷಧಲೆ ಕರಗಸ್ತೀವಿ ಅಂತಾರ?

ಕರಗೂದಿಲ್ಲ. ಅದನ್ನ ನಂಬಿ ಕುಂತು, ಅಷ್ಟರೊಳಗ ಕಣ್ಣು ಹೋದ್ರ ತಿರುಗಿ ಬರ್ತೈತಂತ ಯಾರೂ ಖಾತ್ರಿ ಕೊಡೂದಿಲ್ಲ.

ಒಮ್ಮೆ ತೆಗದಮ್ಯಾಲೆ ಮತ್ತ ಬರ್ತೈತೇನು?

ಬರಬಹುದು, ಅದ್ರಾಗೂ ದೊಡ್ಡ ಗಡ್ಡಿ ಇದ್ದು ಸ್ವಲ್ಪ ಉಳದಿದ್ರ. ಆಪರೇಷನ್ ಆಗಿ ಸುಮಾರು ಮೂರು ತಿಂಗಳಿಗೆ ಒಂದು ಎಂಆರ್‌ಐ, ಆಮ್ಯಾಲೆ ಕೆಲವು ವರ್ಷ ವರ್ಷಕ್ಕೊಂದು, ಜತಿಗೆ ಹಾರ್ಮೋನ್, ಕಣ್ಣಿನ ಫೀಲ್ಡ್. ಪ್ರತಿ ಎಂಆರ್‌ಐದು ಬರೇ ಕಾಗದ ಅಲ್ಲ, ಸಿಡಿನೂ ಕೇಳಿ ಇಸ್ಕೋರಿ, ಆಪರೇಷನ್ ನೋಟ್, ಬಯಾಪ್ಸಿ ರಿಪೋರ್ಟ್, ಡಿಸ್ಚಾರ್ಜ್ ಕಾರ್ಡ್ ಎಲ್ಲಾ ಒಂದ ಫೈಲಿನ್ಯಾಗ ತಾರೀಖಿನ ಪ್ರಕಾರ ಇಡ್ರಿ, ಮೊಬೈಲಿನ್ಯಾಗೂ ಫೋಟೋ ಹೊಡಕೋರಿ. ಹೊಸಾ ಡಾಕ್ಟ್ರು ಮೊದ್ಲ ಕೇಳೂದ ಹಳೇ ಎಂಆರ್‌ಐ, ಅದ್ರ ಬಾಜೂ ಹೊಸಾದು ಇಟ್ಟು ನೋಡಿದ್ರನ ಗಡ್ಡಿ ಬೆಳದೈತೋ ಇಲ್ಲೋ ಅಂತ ಹೇಳಾಕ ಬರೂದು.